ಹೆವೆಲ್, ಎಲೀಲ್: ‘ವ್ಯರ್ಥ’ವೇ, ‘ಜೊಳ್ಳೇ’?

ಹೀಬ್ರೂ ಧರ್ಮಗ್ರಂಥವು (ಕ್ರೈಸ್ತರ ಬೈಬಲಿನ ‘ಹಳೆಯ ಒಡಂಬಡಿಕೆ’) ಅನ್ಯದೇವತೆಗಳನ್ನು ಅಲ್ಲಗಳೆಯುವಾಗ ಬಳಸುವ ಎರಡು ಪದಗಳಿಗೆ ಒಪ್ಪುವ ಕನ್ನಡ ಪದಗಳನ್ನು ಹುಡುಕುತ್ತಿದ್ದೇನೆ.

ಮೊದಲನೆಯದು ‘ಹೆವೆಲ್’. ಮೂಲಾರ್ಥದಲ್ಲಿ ಅದು ಉಸಿರು, ಬಾಯಿಂದ ಹೊರಟು ಕಣ್ಣೆದುರೇ ಕರಗಿಹೋಗುವ ಆವಿ. ಆ ಗ್ರಂಥದ ‘ಪ್ರಸಂಗಿ’ ಎಂಬ ಪುಸ್ತಕದ ‘ವ್ಯರ್ಥವೇ ವ್ಯರ್ಥ’ದಲ್ಲಿರುವುದೂ ಇದೇ ಪದ, ಅಣ್ಣನ ಕೈಯಲ್ಲಿ ಸತ್ತ ಹೇಬೆಲನ ಹೆಸರೂ ಹೀಬ್ರೂವಿನಲ್ಲಿ ಇದೇ. ಪ್ರವಾದಿ ಯೆರೆಮೀಯನ ಪುಸ್ತಕದ 2:5ರಲ್ಲಿ ನಾಮಪದದ ಬೆನ್ನಿಗೇ ಅದರದೇ ಕ್ರಿಯಾಪದ ಬಂದು, ಇಸ್ರಾಯೇಲರ ಪೂರ್ವಿಕರು ಹೆವೆಲನ್ನು ಹಿಂಬಾಲಿಸಿ ತಾವೂ ಹೆವೆಲಾದರು ಎನ್ನುತ್ತದೆ. ‘ವ್ಯರ್ಥವಾದುದನ್ನು ಅನುಸರಿಸಿ ವ್ಯರ್ಥರಾದರು’ ಎಂದರೆ ತಪ್ಪೇನಿಲ್ಲ. ಆದರೆ ‘ವ್ಯರ್ಥ’ ಎಂಬುದು ಪಟ್ಟ ಶ್ರಮಕ್ಕೆ ಫಲ ದಕ್ಕಲಿಲ್ಲವೆಂದು ಹೇಳುವ ಪದ. ಹೆವೆಲ್ ಹೇಳುವುದು ಆ ವಸ್ತುವಿನಲ್ಲೇ ಹುರುಳಿಲ್ಲವೆಂದು. ‘ಆವಿಯ ಬೆನ್ನು ಹತ್ತಿ ಆವಿಯಾದರು’ ಎನ್ನೋಣವೆಂದರೆ, ಕನ್ನಡದ ಕಿವಿಗೆ ಅವರು ಮಾಯವಾದರೆಂದಷ್ಟೇ ಕೇಳಿಸೀತು.

ಎರಡನೆಯದು ‘ಎಲೀಲ್’, ಅಂದರೆ ಕೆಲಸಕ್ಕೆ ಬಾರದ್ದು; ಬಹುವಚನದಲ್ಲಿ ‘ಎಲೀಲೀಂ’. ದೇವರೆಂಬ ಅರ್ಥದ ‘ಎಲೋಹೀಂ’ ಪದಕ್ಕೆ ಇದರ ಉಚ್ಚಾರ ಹತ್ತಿರವಿರುವುದರಿಂದ, ಜನಾಂಗಗಳ ಎಲೋಹೀಂಗಳೆಲ್ಲ ಬರಿಯ ಎಲೀಲೀಂ ಎನ್ನುವ ಕೀರ್ತನೆ 96:5ರಲ್ಲಿ ಅಣಕದ ಮೊನೆಯಿದೆ. ಇದನ್ನು ‘ವಿಗ್ರಹ’ ಎಂದರೆ ಆ ಮೊನೆ ಮೊಂಡಾಗುತ್ತದೆ, ಏಕೆಂದರೆ ವಿಗ್ರಹ ನಮ್ಮಲ್ಲಿ ಗೌರವದ ಪದ, ಭಕ್ತರೇ ಆಡುವ ಪದ. ‘ಬೊಂಬೆ’ಯಲ್ಲಿ ತಾತ್ಸಾರವೇನೋ ಇದೆ, ಆದರೆ ಎಲೀಲ್ ಕೆತ್ತಿದ ಮೂರ್ತಿಗೇ ಮೀಸಲಾದ ಪದವಲ್ಲ: ಯೋಬ 13:4ರಲ್ಲಿ ಯೋಬನು ತನ್ನನ್ನು ಸಂತೈಸಲು ಬಂದ ಗೆಳೆಯರನ್ನೇ ‘ಎಲೀಲ್ ವೈದ್ಯರು’ ಎಂದು ಜರೆಯುತ್ತಾನೆ, ಜೆಕರ್ಯ 11:17ರಲ್ಲಿ ಮಂದೆಯನ್ನು ಬಿಟ್ಟುಹೋಗುವ ಕುರುಬನಿಗೂ ಇದೇ ವಿಶೇಷಣ.

ಎಲೀಲಿಗೆ ನನಗೆ ತೋಚುವುದು ‘ಜೊಳ್ಳು’. ತೆನೆಯಲ್ಲಿದ್ದಾಗ ಜೊಳ್ಳೂ ಕಾಳಿನಂತೆಯೇ ಕಾಣುತ್ತದೆ, ತೂರಿದಾಗಲಷ್ಟೇ ಗಾಳಿಗೆ ಹಾರಿಹೋಗುತ್ತದೆ. ದೇವರಂತೆ ಕಂಡು ದೇವರಲ್ಲದ್ದಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ‘ಜೊಳ್ಳು ವೈದ್ಯರು’ ಎಂಬುದೂ ಸಲ್ಲುತ್ತದೆ. (ಯೆರೆಮೀಯ 10:5 ಈ ದೇವರುಗಳನ್ನು ಸೌತೆಯ ತೋಟದಲ್ಲಿ ನಿಲ್ಲಿಸಿದ ಬೆದರುಬೊಂಬೆಗೆ ಹೋಲಿಸುತ್ತದೆ: ಮಾತಿಲ್ಲ, ನಡಿಗೆಯಿಲ್ಲ, ಹೊತ್ತೊಯ್ಯಲು ಆಳು ಬೇಕು. ಹೊಲದ ಉಪಮೆ ಆ ಪ್ರವಾದಿಗೇನೂ ಹೊರಗಿನದಲ್ಲ.)

ಹಾಗಾದರೆ ಹೆವೆಲಿಗೆ ‘ಪೊಳ್ಳು’ ಎಂದಿಟ್ಟು, ‘ಪೊಳ್ಳಿನ ಬೆನ್ನು ಹತ್ತಿ ಪೊಳ್ಳಾದರು’ ಎಂದು ಗಂಭೀರ ಗದ್ಯದಲ್ಲಿ ಬರೆಯಬಹುದೇ? ಜೊಳ್ಳು, ಪೊಳ್ಳು, ಟೊಳ್ಳು ಈ ಮೂರನ್ನೂ ನಿಮ್ಮ ಸೀಮೆಯಲ್ಲಿ ಬೇರೆ ಬೇರೆ ಅರ್ಥದಲ್ಲಿ ಆಡುವುದಿದ್ದರೆ ದಯವಿಟ್ಟು ತಿಳಿಸಿ.