ಸಿಂಧನೂರಿನಿಂದ ಅಮೆರಿಕದ ವಿವಿಗೆ ಮೇಷ್ಟ್ರ ಕೆಲಸ: ಎಚ್-1ಬಿ ಸಿಗುತ್ತೋ, ಜೆ-1 ದಾರಿಯೋ?

ಭೂವಿಜ್ಞಾನ_ಸಿಂಧನೂರು:
ಅಮೆರಿಕದ ಒಂದು ವಿವಿಯ ಭೂವಿಜ್ಞಾನ ವಿಭಾಗದಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಆಫರ್ ಲೆಟರ್ ಬಂದಿದೆ, ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗೋ ದಾರಿಯ ಹುದ್ದೆ). ಆಗಸ್ಟ್‌ಗೆ ಕ್ಲಾಸ್ ಶುರು. ವೀಸಾ ಬಗ್ಗೆ ಪತ್ರದಲ್ಲಿ ಒಂದೇ ಸಾಲು: ಕೆಲಸದ ಅನುಮತಿ ಸಿಕ್ಕರೆ ಮಾತ್ರ ನೇಮಕ. ವಿವಿಗಳಿಗೆ ಎಚ್-1ಬಿ (ಕೆಲಸದ ವೀಸಾ) ಲಾಟರಿ ಇಲ್ಲ ಅಂತ ಕೆಲವರು, ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಇನ್ನು ಕೆಲವರು. ಯಾವುದು ನಿಜ? ಜೆ-1ನಲ್ಲಿ (ವಿನಿಮಯ ಭೇಟಿಯ ವೀಸಾ) ಹೋದರೆ ಆಗಲ್ವಾ? ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಬಿಎಸ್ಸಿ 2008ರದು, ರಾಯಚೂರಿನ ಕಾಲೇಜು. ಈಗಿನ ಕೆಲಸಕ್ಕೆ ಮೂರು ತಿಂಗಳ ನೋಟಿಸ್ ಕೊಡಬೇಕು.

ಎಡದಂಡೆ_ಕಾಲುವೆ:
ಎರಡೂ ನಿಜ ರೀ, ಆದ್ರೆ ಅವೆರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ವರ್ಷಕ್ಕೆ 65,000 ಎಚ್-1ಬಿ, ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಮೇಲೆ 20,000 ಅನ್ನೋ ಮಿತಿ ವಿವಿಗಳಿಗೆ ಇಲ್ಲ. ಹಾಗಾಗಿ ಲಾಟರಿ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಒಂದು ಲಕ್ಷ ಡಾಲರ್‌ದು ಬೇರೆ ಆದೇಶ: 2025ರ ಸೆಪ್ಟೆಂಬರ್ 21ರಿಂದ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಯಲ್ಲಿ ಅಭ್ಯರ್ಥಿ ಅಮೆರಿಕದ ಹೊರಗಿದ್ದರೆ ಆ ಮೊತ್ತ ಕಟ್ಟಬೇಕು. ವಿವಿಗಳಿಗೆ ಅಂತ ವಿನಾಯಿತಿ ಇಲ್ಲ. ರಾಷ್ಟ್ರಹಿತದ ವಿನಾಯಿತಿ ಇದೆ, ಅದು ಬಲು ಅಪರೂಪ. ಆದೇಶದ ಅವಧಿ 12 ತಿಂಗಳು, ಮುಂದುವರಿಸೋಕೆ ಅವಕಾಶ ಇಟ್ಟಿದ್ದಾರೆ. ನೀವು ಸಿಂಧನೂರಿನಲ್ಲೇ ಇದ್ದು ಹೈದರಾಬಾದ್‌ನಲ್ಲಿ ಅಮೆರಿಕದ ಕಾನ್ಸುಲೇಟಿನಿಂದ ವೀಸಾ ಸ್ಟಾಂಪಿಂಗ್ ಮಾಡಿಸೋರು, ಅಂದ್ರೆ ನಿಮಗೆ ನೇರವಾಗಿ ಅನ್ವಯ. ಅಲ್ಲೇ ಇರೋರು ಎಫ್-1 (ವಿದ್ಯಾರ್ಥಿ ವೀಸಾ) ಅಥವಾ ಜೆ-1ನಿಂದ ಎಚ್-1ಬಿಗೆ ಸ್ಟೇಟಸ್ ಬದಲಿಸಿಕೊಂಡರೆ ಈ ಹಣ ಇಲ್ಲ. ಆದ್ರೆ ಅರ್ಜಿ ಇತ್ಯರ್ಥ ಆಗೋ ಮುಂಚೆ ದೇಶ ಬಿಟ್ಟರೆ ಆ ಅನುಕೂಲ ಹೋಯ್ತು.

ಜೆ-1 ಬಗ್ಗೆ: ಪ್ರೊಫೆಸರ್ ಮತ್ತು ರಿಸರ್ಚ್ ಸ್ಕಾಲರ್ ವರ್ಗದಲ್ಲಿ ಗರಿಷ್ಠ 5 ವರ್ಷ ಇರಬಹುದು. ಆದ್ರೆ ಟೆನ್ಯೂರ್ ಟ್ರ್ಯಾಕ್ ಹುದ್ದೆಯ ಅಭ್ಯರ್ಥಿಗೆ ಆ ವರ್ಗ ಕೊಡೋ ಹಾಗಿಲ್ಲ, ನಿಯಮದಲ್ಲೇ ಇದೆ. ನಿಮ್ಮ ಪತ್ರ ಇಟ್ಟುಕೊಂಡು ಡಿಎಸ್-2019 (ಜೆ-1ಗೆ ಬೇಕಾದ ಅರ್ಹತಾ ಪತ್ರ) ಕೊಟ್ಟರೆ ವಿವಿಯ ಜೆ-1 ಪರವಾನಗಿಗೇ ತೊಂದರೆ. ಮೊದಲು ನಿಜಕ್ಕೂ ತಾತ್ಕಾಲಿಕವಾದ ವಿಸಿಟಿಂಗ್ ಹುದ್ದೆ, ಆಮೇಲೆ ಅಲ್ಲೇ ಎಚ್-1ಬಿ ಅಂತ ಕೆಲವು ವಿಭಾಗಗಳು ಯೋಚಿಸ್ತವೆ. ಹೆಸರಿಗಷ್ಟೇ ವಿಸಿಟಿಂಗ್ ಅಂತ ಬರೆದರೆ ಅದು ಸುಳ್ಳು ಹೇಳಿಕೆ, ಅದರ ಹತ್ತಿರ ಹೋಗಬೇಡ್ರಿ. ನಿಜವಾದ ವಿಸಿಟಿಂಗ್ ಆದ್ರೆ ಒಂದು ಸಮಾಧಾನ ಇದೆ: 2024ರ ಡಿಸೆಂಬರ್‌ನಲ್ಲಿ ಜೆ-1ನವರ ಕೌಶಲ ಪಟ್ಟಿಯಿಂದ ಭಾರತವನ್ನ ತೆಗೆದಿದ್ದಾರೆ, ಜೆ-1 ಮುಗಿದಮೇಲೆ ಎರಡು ವರ್ಷ ಊರಿಗೆ ಬಂದು ಇರಲೇಬೇಕು ಅನ್ನೋ ಷರತ್ತು ಆ ಪಟ್ಟಿಯ ಕಾರಣಕ್ಕೆ ಬರಲ್ಲ. ಖರ್ಚಿಗೆ ಸರ್ಕಾರದ ಹಣ ಸೇರಿದ್ದರೆ ಮಾತ್ರ ಷರತ್ತು ಹಾಗೇ ಉಳಿಯುತ್ತೆ.

ಪ್ರಕಟಣೆ, ಸೈಟೇಶನ್, ವಿಮರ್ಶಕನ ಕೆಲಸ ಗಟ್ಟಿ ಇದ್ರೆ ಓ-1 (ಅಸಾಧಾರಣ ಸಾಧಕರ ವೀಸಾ) ಕೇಳಿ ನೋಡ್ರಿ. ಒಂದು ಲಕ್ಷದ ಆದೇಶ ಎಚ್-1ಬಿಗೆ ಮಾತ್ರ. ಎಂಟು ಮಾನದಂಡದಲ್ಲಿ ಮೂರನ್ನು ತೋರಿಸಬೇಕು, ಮೊದಲು ಮೂರು ವರ್ಷದವರೆಗೆ ಕೊಡ್ತಾರೆ. ಶಿಫಾರಸು ಪತ್ರಗಳಿಗೇ ಎರಡು ತಿಂಗಳು ಹೋಗ್ತಾವೆ.

ಕೋಟೆಬಾಗಿಲು_ಬಳ್ಳಾರಿ:
ಹೆಸರಿನ ವಿಷಯ ಹಗುರವಾಗಿ ತಗೋಬೇಡಿ. ನಮ್ಮ ಕಡೆ ಊರು, ತಂದೆ ಹೆಸರು, ಸ್ವಂತ ಹೆಸರು ಎಲ್ಲ ಒಟ್ಟಿಗೆ ಗಿವನ್ ನೇಮ್‌ನಲ್ಲಿ ತುಂಬಿ ಸರ್‌ನೇಮ್ ಖಾಲಿ ಬಿಡೋದು ಮಾಮೂಲು. ಆಗ ಡಿಎಸ್-160ರಲ್ಲಿ (ವೀಸಾ ಅರ್ಜಿಯ ಫಾರ್ಮ್) ಆ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ "ಎಫ್ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತೆ. ವೀಸಾ ಸಿಗುತ್ತೆ. ಅಲ್ಲಿ ಹೋದಮೇಲೆ ಸೋಷಿಯಲ್ ಸೆಕ್ಯುರಿಟಿ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಸಂಬಳದ ಪಟ್ಟಿ ಎಲ್ಲದರಲ್ಲೂ "ಮಿಸ್ಟರ್ ಎಫ್ಎನ್‌ಯು" ಆಗ್ತೀರಿ. ವಿವಿ ಐ-129 (ಎಚ್-1ಬಿ ಅರ್ಜಿ) ಹಾಕೋ ಮುಂಚೆಯೇ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿ ಹೆಸರು ಬಿಡಿಸಿ ಬರೆಸಿ. 36 ಪುಟದ್ದಕ್ಕೆ 1,500 ರೂಪಾಯಿ. ಆಮೇಲೆ ಮಾಡಿಸಿದರೆ ಅನುಮೋದನೆ ಪತ್ರದಲ್ಲಿ ಹಳೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಹೊಸದು.

ರಾಯಚೂರಿನಲ್ಲಿ 2008ಕ್ಕೆ ಮುಗಿದ ಬಿಎಸ್ಸಿ ಅಂದ್ರೆ ಗುಲ್ಬರ್ಗಾ ವಿವಿ. ಟ್ರಾನ್ಸ್‌ಕ್ರಿಪ್ಟ್ ಕಲಬುರಗಿಯಿಂದಲೇ ಬರಬೇಕು, ಕಾಲೇಜಿನ ಸೀಲು ನಡೆಯಲ್ಲ. (ಬಳ್ಳಾರಿ, ಕೊಪ್ಪಳದವರು ಗಮನಿಸಿ: ಶ್ರೀಕೃಷ್ಣದೇವರಾಯ ವಿವಿ ಆರಂಭವಾದದ್ದು 2010ರಲ್ಲಿ, ಅದಕ್ಕಿಂತ ಹಿಂದಿನ ಪದವಿಯದೂ ಇದೇ ಕಥೆ.) ಘಟಿಕೋತ್ಸವ ಆಗದೆ ಪಿಎಚ್‌ಡಿ ಸರ್ಟಿಫಿಕೇಟ್ ಕೈಗೆ ಬಂದಿಲ್ಲ ಅಂದ್ರೆ ಪದವಿ ನೋಟಿಫಿಕೇಶನ್‌ನ ದೃಢೀಕೃತ ಪ್ರತಿ ಇಟ್ಟುಕೊಳ್ಳಿ.

ಭೂವಿಜ್ಞಾನ_ಸಿಂಧನೂರು:
ಧನ್ಯವಾದ. ಈಗ ವಿವಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಏನಂತ ಬರೀಲಿ? ಖರ್ಚಲ್ಲಿ ನನ್ನ ಪಾಲು ಎಷ್ಟು?

ಎಡದಂಡೆ_ಕಾಲುವೆ:
ಎಚ್-1ಬಿ ಅರ್ಜಿಯ ಖರ್ಚು ವಿವಿಯದು. ಲಾಭರಹಿತ ಸಂಸ್ಥೆಗೆ ಐ-129ರ ಮೂಲ ಶುಲ್ಕ 460 ಡಾಲರ್, ವಂಚನೆ ತಡೆ ಶುಲ್ಕ 500. ಇವನ್ನ, ವಕೀಲರ ಫೀಸನ್ನ ನಿಮ್ಮ ಸಂಬಳದಿಂದ ಹಿಡಿಯೋ ಹಾಗಿಲ್ಲ. ಕಾನ್ಸುಲೇಟಿನ ವೀಸಾ ಶುಲ್ಕ 205 ಡಾಲರ್, ಹೈದರಾಬಾದ್ ಓಡಾಟ ನಿಮ್ಮದು.

ಬರೆಯೋದು ಇಷ್ಟೇ: ಯಾವ ವೀಸಾ ವರ್ಗ, ಒಂದು ಲಕ್ಷ ಡಾಲರ್ ಕಟ್ಟಲು ಒಪ್ಪಿಗೆ ಸಿಕ್ಕಿದೆಯಾ, ಕಟ್ಟಲ್ಲ ಅಂದ್ರೆ ಸೇರೋ ದಿನ ಜನವರಿಗೆ ಮುಂದೂಡ್ತಾರಾ. ವಿಭಾಗದ ಮುಖ್ಯಸ್ಥರ "ನೋಡೋಣ" ಸಾಲದು, ಲಿಖಿತ ಉತ್ತರ ತರಿಸಿಕೊಳ್ರಿ. ಎಲ್‌ಸಿಎಗೆ (ಐ-129ಕ್ಕೆ ಮುಂಚೆ ಬೇಕಾದ ಸಂಬಳದ ಘೋಷಣೆ) ಕಾರ್ಮಿಕ ಇಲಾಖೆ 7 ಕೆಲಸದ ದಿನ ತಗೊಳ್ಳುತ್ತೆ, ಬೇಗ ಇತ್ಯರ್ಥಕ್ಕೆ ಪ್ರೀಮಿಯಂ ಶುಲ್ಕ ಕಟ್ಟಿದರೆ ಐ-129ಕ್ಕೆ ಇನ್ನೂ 15. ಸೇರೋ ದಿನಕ್ಕಿಂತ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ತಡ ಆಗೋದು ಸಾಮಾನ್ಯವಾಗಿ ವಿವಿಯ ಒಳಗಿನ ಸಹಿಗಳಿಗೆ.

ಗ್ರೀನ್ ಕಾರ್ಡ್ ಮಾತೂ ಈಗಲೇ ಎತ್ತಿ. ಪಾಠ ಮಾಡೋ ಹುದ್ದೆಗೆ ಇರೋ ವಿಶೇಷ ಲೇಬರ್ ಸರ್ಟಿಫಿಕೇಶನ್ (ಗ್ರೀನ್ ಕಾರ್ಡ್‌ನ ಮೊದಲ ಹೆಜ್ಜೆ) ಅರ್ಜಿಯನ್ನ ಆಯ್ಕೆ ಆದ ದಿನದಿಂದ 18 ತಿಂಗಳೊಳಗೆ ಹಾಕಬೇಕು. ಎಣಿಕೆ ನೀವು ಸೇರಿದ ದಿನದಿಂದ ಅಲ್ಲ. ಸೇರೋದು ತಡ ಆದಷ್ಟೂ ಅದರಲ್ಲೇ ತಿಂಗಳು ಕಳೀತವೆ.

ನಾನಕ್‌ರಾಮ್‌ಗುಡ_ಸಾಲು:
ಹೈದರಾಬಾದ್‌ನಲ್ಲಿ ವೀಸಾಕ್ಕೆ ಬೆರಳಚ್ಚು, ಫೋಟೊ ಒಂದು ದಿನ, ಸಂದರ್ಶನ ಇನ್ನೊಂದು ದಿನ, ಜಾಗವೂ ಬೇರೆ. ಒಂದೇ ರಾತ್ರಿಯ ಲಾಡ್ಜ್ ಲೆಕ್ಕ ಹಾಕಿ ಬರಬೇಡಿ. 2025ರ ಡಿಸೆಂಬರ್ 15ರಿಂದ ಎಚ್-1ಬಿಯವರೂ ಸೋಷಿಯಲ್ ಮೀಡಿಯಾ ಖಾತೆಗಳನ್ನ ಎಲ್ಲರಿಗೂ ಕಾಣೋ ಹಾಗೆ ಇಡಬೇಕು. ರಿಮೋಟ್ ಸೆನ್ಸಿಂಗ್ ಮಾಡೋ ಭೂವಿಜ್ಞಾನಿಗಳಿಗೆ 221(ಜಿ) ಚೀಟಿ (ಹೆಚ್ಚಿನ ಪರಿಶೀಲನೆಗೆ ವೀಸಾ ತಡೆಹಿಡಿದ ಸೂಚನೆ) ಬರಬಹುದು, ಆ ವಿಷಯ ಅಮೆರಿಕದ ಸೂಕ್ಷ್ಮ ತಂತ್ರಜ್ಞಾನದ ಪಟ್ಟಿಯಲ್ಲಿದೆ. ಸಿವಿ, ಪ್ರಕಟಣೆಗಳ ಪಟ್ಟಿ, ಸಾಮಾನ್ಯರಿಗೂ ಅರ್ಥ ಆಗೋ ಒಂದು ಪುಟದ ಸಂಶೋಧನಾ ವಿವರ, ವಿಭಾಗದ ಪತ್ರ ಕೈಯಲ್ಲಿರಲಿ. ಚೀಟಿ ಕೊಟ್ಟಮೇಲೆ ದಿನ ಹೇಳಲ್ಲ, ವಾರವೂ ಆಗುತ್ತೆ, ತಿಂಗಳೂ ಆಗುತ್ತೆ. ಹಾಗಾಗಿ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರೋವರೆಗೆ ರಾಜೀನಾಮೆ ಬೇಡ. ಮೂರು ತಿಂಗಳ ನೋಟಿಸ್ ಇರೋರು ಅಲ್ಲಿ ಸೇರೋ ದಿನವನ್ನೇ ಮುಂದೆ ಹಾಕಿಸಿಕೊಳ್ಳಬೇಕು.