3 ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಲಕ್ಷುರಿ ವಾಚ್: ಎಲ್ಲರ ಕೈಯಲ್ಲೂ ಕಾಣದಂಥದ್ದು ಯಾವುದು?

ಹಾಸನದವ:
ಬಜೆಟ್ ಮೂರು ಲಕ್ಷ, ಸರ್ವೀಸ್ ಖರ್ಚೂ ಅದರಲ್ಲೇ ಬರಬೇಕು. ಮಣಿಕಟ್ಟು ಆರೂವರೆ ಇಂಚು, ಹಾಗಾಗಿ ದೊಡ್ಡ ಕೇಸ್ ಬೇಡ. ಆಫೀಸಿಗೂ ಆಗಬೇಕು, ಮದುವೆ ಮನೆಗೂ ಆಗಬೇಕು. ಎಲ್ಲರೂ ಕಟ್ಟುವ ರೋಲೆಕ್ಸ್ ಸಬ್‌ಮರೀನರ್, ಒಮೆಗಾ ಸ್ಪೀಡ್‌ಮಾಸ್ಟರ್ ಕಡೆ ಮನಸ್ಸಿಲ್ಲ. ಸದ್ಯ ಕಣ್ಣು ಬಿದ್ದಿರುವುದು 60ರ ದಶಕದ ಒಮೆಗಾ ಕಾನ್‌ಸ್ಟಲೇಶನ್ ಪೈ-ಪ್ಯಾನ್ (ಅಂಚು ಕೆಳಗಿಳಿದ ಡಯಲ್ಲಿನದು) ಮೇಲೆ: ಸ್ಟೀಲ್ ಕೇಸ್, ತಾರೀಖು ಇರುವುದು, ಕ್ಯಾಲಿಬರ್ (ಒಳಗಿನ ಮಷಿನ್) 561 ಅನ್ನುತ್ತಾರೆ. ಮುಂಬೈಯ ಒಬ್ಬರು ಫೋಟೊ ಕಳಿಸಿದ್ದಾರೆ. ಡಯಲ್ ಈಗಷ್ಟೇ ಡಬ್ಬಿಯಿಂದ ತೆಗೆದ ಹಾಗಿದೆ. ಇದನ್ನೇ ತಗೊಳ್ಳೋದಾದರೆ ಏನೇನು ನೋಡಬೇಕು? ಇದೇ ದುಡ್ಡಿಗೆ ಇನ್ನೂ ಒಳ್ಳೆಯದು ಸಿಗುತ್ತಾ?

ಭೂತಗನ್ನಡಿ:
ಅರವತ್ತು ವರ್ಷದ ಡಯಲ್ ಹೊಸದರಂತಿದೆ ಅಂದರೆ ಮೊದಲ ಅನುಮಾನ ಡಯಲ್ ಮೇಲೇ ಬರಬೇಕು. ಹಳೆಯ ಡಯಲ್ಲಿನ ಬಣ್ಣ ಕಿತ್ತು, ಹೊಸದಾಗಿ ಬಳಿದು, ಅಕ್ಷರ ಅಚ್ಚು ಹಾಕಿ ಮಾರುವ ದಂಧೆ ನಮ್ಮಲ್ಲಿ ಎಷ್ಟು ಬೆಳೆದಿದೆ ಅಂದರೆ ಹೊರದೇಶದ ಸಂಗ್ರಾಹಕರು ಅದಕ್ಕೆ "ಮುಂಬೈ ಸ್ಪೆಷಲ್" ಅಂತಲೇ ಹೆಸರಿಟ್ಟಿದ್ದಾರೆ. ಮುಂಬೈಯಿಂದ ಬರುವುದೆಲ್ಲ ಹಾಗೇ ಅಂತಲ್ಲ. ಆದರೆ ಈ ಮಾದರಿಯಲ್ಲಿ ಬೆಲೆ ನಿಂತಿರುವುದೇ ಡಯಲ್ ಮೇಲೆ. ರೀಡಯಲ್ ಆದರೆ ಅರ್ಧ ಬೆಲೆಯೂ ಜಾಸ್ತಿಯೇ.

ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿ, ಇಲ್ಲವೇ ಗಾಜು ತೆಗೆಸಿ ಹತ್ತಿರದಿಂದ ತೆಗೆದ ಫೋಟೊ ಕೇಳಿ. ಪೈ-ಪ್ಯಾನ್ ಡಯಲ್ಲಿನ ಅಂಚು ಹನ್ನೆರಡು ಮಗ್ಗುಲಾಗಿ ಕೆಳಗಿಳಿಯುತ್ತದೆ. ಅಸಲಿಯಲ್ಲಿ ಪ್ರತಿ ಮಡಿಕೆಯ ಗೆರೆಯೂ ಚೂಪಾಗಿ ಕಾಣುತ್ತದೆ; ಮತ್ತೆ ಬಣ್ಣ ಬಳಿದದ್ದರಲ್ಲಿ ಬಣ್ಣ ಮಡಿಕೆಯೊಳಗೆ ತುಂಬಿಕೊಂಡು ಅಂಚು ಮೊಂಡಾಗಿರುತ್ತದೆ. ಗಂಟೆಯ ಗುರುತುಗಳನ್ನೂ 6ರ ಮೇಲಿನ ನಕ್ಷತ್ರವನ್ನೂ ಕಿತ್ತು ಮತ್ತೆ ಕೂರಿಸಿರುವುದರಿಂದ ಒಂದೆರಡು ಕೂದಲೆಳೆಯಷ್ಟು ವಾಲಿರುತ್ತವೆ. "ಕ್ರೋನೋಮೀಟರ್ ಅಫಿಶಿಯಲಿ ಸರ್ಟಿಫೈಡ್" ಸಾಲಿನ ಅಕ್ಷರಗಳು ದಪ್ಪವಾಗಿ, ಅಂಚು ಹಬ್ಬಿದಂತಿದ್ದರೆ ಅದು ಫ್ಯಾಕ್ಟರಿ ಅಚ್ಚಲ್ಲ. ಕೆಳಗೆ ಸ್ವಿಸ್ ಮೇಡ್ ಪಕ್ಕ ಎರಡು ಟಿ ಇದ್ದರೆ ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಹಚ್ಚಿದ ಡಯಲ್ ಎಂದರ್ಥ. ಆಗ ಮುಳ್ಳುಗಳಲ್ಲೂ ಅದರ ಪಟ್ಟಿ ಇರಬೇಕು. ಡಯಲ್ಲಿನಲ್ಲಿ ಟಿ ಇದೆ, ಮುಳ್ಳು ಬರಿ ಲೋಹ ಅಂದರೆ ಎರಡರಲ್ಲಿ ಒಂದು ಬೇರೆ ವಾಚಿನದು.

ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿಸಿ. ಒಳಗೆ ಕೇಸ್ ಸಂಖ್ಯೆ ಕೊರೆದಿರುತ್ತದೆ. ನಾಯಿಯ ಹಿಂಗಾಲಿನಂತೆ ಬಾಗಿದ ಲಗ್ (ಪಟ್ಟಿ ಸಿಕ್ಕಿಸುವ ಕೊಂಬು) ಇರುವ ಮಾದರಿಯಾದರೆ ತಾರೀಖು ಇಲ್ಲದ್ದಕ್ಕೆ 167.005, ಇರುವುದಕ್ಕೆ 168.005. ಮುಚ್ಚಳದಲ್ಲಿ 167 ಇದ್ದು ಡಯಲ್ಲಿನಲ್ಲಿ ತಾರೀಖಿನ ಕಿಟಕಿ ಇದ್ದರೆ ಎರಡು ವಾಚು ಸೇರಿ ಒಂದಾಗಿದೆ. ಮಷಿನ್ 561 ಎಂದೇ ಇರಬೇಕು, 562 ಅಲ್ಲ. ಎರಡಕ್ಕೂ 24 ಜ್ಯುವೆಲ್ (ಸವೆತ ತಡೆಯುವ ಕಲ್ಲು), ನೋಡಲು ಅವಳಿ-ಜವಳಿ. ಆದರೆ 562 ಒಮೆಗಾದ್ದೇ ಸೀಮಾಸ್ಟರ್ ಸಾಲಿನ ಸಾಮಾನ್ಯ ದರ್ಜೆ. ಐದು ಭಂಗಿಗೂ ತಾಪಮಾನಕ್ಕೂ ಹೊಂದಿಸಿದ್ದು ಎಂಬ ಇಂಗ್ಲಿಷ್ ಬರಹ 561ರಲ್ಲಿ ಇರುತ್ತದೆ. ಸೀರಿಯಲ್ ಎಂಟಂಕಿಯದು: 17ರಿಂದ ಶುರುವಾದರೆ ಸುಮಾರು 1959, 24ರಿಂದಾದರೆ ಸುಮಾರು 1966. ಒಂದೆರಡು ವರ್ಷ ಆಚೀಚೆ ಇದ್ದರೆ ಚಿಂತೆ ಬೇಡ.

ಮುಚ್ಚಳದ ಒಳಮೈಯಲ್ಲಿ ವೃತ್ತಾಕಾರದ ಗೀರು ಕಂಡರೆ ಕೈ ಆಡಿದಂತೆ ತಿರುಗಿ ಕೀ ಕೊಡುವ ರೋಟರಿನ ಅಚ್ಚು ಸವೆದು ಅದು ಜೋತಾಡುತ್ತಿದೆ. ರಿಪೇರಿ ಆಗುತ್ತದೆ, ಬೆಲೆಯಲ್ಲಿ ಕಳೆಯಿರಿ. ಹೊರಮೈಯಲ್ಲಿ ವೀಕ್ಷಣಾಲಯದ ಚಿತ್ರ, ಅದರ ಮೇಲೆ ಎಂಟು ನಕ್ಷತ್ರ ಇರುತ್ತವೆ. ಗೋಪುರದ ಗೆರೆಗಳು ಅಳಿಸಿಹೋಗಿದ್ದರೆ ಕೇಸಿಗೆ ವಿಪರೀತ ಪಾಲಿಶ್ ಬಿದ್ದಿದೆ, ಲಗ್ಗಿನ ಮೂಲೆಗಳೂ ಮೊಂಡಾಗಿಯೇ ಇರುತ್ತವೆ. ಈ ಮಾದರಿಯ ಕ್ರೌನ್ (ಕೀ ಕೊಡುವ ಗುಂಡಿ) ಹತ್ತು ಮಗ್ಗುಲಿನದು. ದುಂಡಗಿನದು ಇದ್ದರೆ ಬದಲಾಯಿಸಿದ್ದಾರೆ. ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ.

561ರಲ್ಲಿ ತಾರೀಖು ಬದಲಿಸುವುದು ಸ್ವಲ್ಪ ಕಿರಿಕಿರಿ: ಮುಳ್ಳನ್ನು ಹನ್ನೆರಡು ದಾಟಿಸಿ, ಹಿಂದಕ್ಕೆ ಒಂಬತ್ತರ ಹತ್ತಿರ ತಂದು, ಮತ್ತೆ ಮುಂದಕ್ಕೆ. 564 ಮಷಿನ್ ಆದರೆ ಕ್ರೌನನ್ನು ಕೊನೆಯವರೆಗೆ ಎಳೆದಾಗಲೆಲ್ಲ ಒಂದು ದಿನ ಮುಂದೆ ಹೋಗುತ್ತದೆ. ಪೈ-ಪ್ಯಾನೇ ಆಗಬೇಕೆಂದಿಲ್ಲದಿದ್ದರೆ 1964ರಲ್ಲಿ ಬಂದ ಸಿ ಆಕಾರದ ಕೇಸಿನ ಕಾನ್‌ಸ್ಟಲೇಶನ್ ನೋಡಿ. ಅದೇ 564 ಇರುವುದು ಸಿಗುತ್ತದೆ, ಗಿರಾಕಿ ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಅಗ್ಗ. ನನ್ನ ಕಣ್ಣಿಗಂತೂ ಅದೇ ಚಂದ.

ಸೆಕೆಂಡ್‌ಮುಳ್ಳು:
ಭೂತಗನ್ನಡಿಯವರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆ ಕೇಳಿದವರಿಗೆ ದಿನಾ ಕಟ್ಟುವ ವಾಚು ಬೇಕು. ಏಪ್ರಿಲ್ ಬೆವರಿನಲ್ಲಿ, ಮಳೆಗಾಲದ ಬೈಕ್ ಸವಾರಿಯಲ್ಲಿ 1960ರ ಒಮೆಗಾ ಕಟ್ಟುವುದು ಬೇಡ. ಗ್ಯಾಸ್ಕೆಟ್ ಹೊಸದು ಹಾಕಿಸಿದರೂ ಅದನ್ನು ನೀರು ತಡೆಯುವ ವಾಚೆಂದು ನಂಬುವ ಹಾಗಿಲ್ಲ. ಒಳಗೆ ಒಮ್ಮೆ ತೇವ ಹೋದರೆ ಮೊದಲು ಕೆಡುವುದೇ ಆ ಡಯಲ್.

ನನ್ನ ಓಟು ಗ್ರ್ಯಾಂಡ್ ಸೀಕೊ ಕ್ವಾರ್ಟ್ಜ್‌ಗೆ, 9ಎಫ್ ಮಷಿನ್ ಇರುವ 37 ಮಿ.ಮೀ. ಮಾದರಿಗಳು. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ಅಂದ ಕೂಡಲೇ ಮೂಗು ಮುರಿಯುವವರಿಂದಲೇ ಇದು ಅಗ್ಗಕ್ಕೆ ಸಿಗುತ್ತಿರುವುದು. 1993ರಲ್ಲಿ ಬಂದ ಈ ಮಷಿನಿನ ವ್ಯತ್ಯಾಸ ವರ್ಷಕ್ಕೆ ಹೆಚ್ಚೆಂದರೆ ಹತ್ತು ಸೆಕೆಂಡ್. ಸೆಕೆಂಡಿಗೆ ಒಂದರ ಬದಲು ಎರಡು ತುಡಿತ ಕೊಟ್ಟು ಮುಳ್ಳನ್ನು ತಳ್ಳುತ್ತದೆ. ಅದಕ್ಕೇ ಮೆಕ್ಯಾನಿಕಲ್ ವಾಚಿನಷ್ಟು ಉದ್ದ, ದಪ್ಪ ಮುಳ್ಳನ್ನು ಹೊರಬಲ್ಲದು. ಹಲ್ಲುಗಳ ನಡುವಿನ ಸಡಿಲವನ್ನು ಹಿಡಿದಿಡುವ ಒಂದು ಪುಟ್ಟ ಚಕ್ರ ಇರುವುದರಿಂದ ಸೆಕೆಂಡಿನ ಮುಳ್ಳು ಗುರುತಿನ ಮೇಲೆ ನಿಂತಾಗ ನಡುಗುವುದಿಲ್ಲ. ತಾರೀಖು ನಡುರಾತ್ರಿ ಟಕ್ ಅಂತ ಬದಲಾಗುತ್ತದೆ.

ಇಲ್ಲೊಂದು ಉಪಾಯ ಇದೆ. 2017ರಲ್ಲಿ ಗ್ರ್ಯಾಂಡ್ ಸೀಕೊ ಬೇರೆ ಬ್ರ್ಯಾಂಡ್ ಆದಾಗ ಹೊಸ ಡಯಲ್‌ಗಳಲ್ಲಿ 12ರ ಕೆಳಗೆ ಅದರ ಹೆಸರು ಬಂತು. ಹಿಂದಿನವುಗಳಲ್ಲಿ ಆ ಜಾಗದಲ್ಲಿ ಬರಿ ಸೀಕೊ ಎಂದಿದೆ. ಎಸ್‌ಬಿಜಿಎಕ್ಸ್061 ಹಳೆಯದು, ಎಸ್‌ಬಿಜಿಎಕ್ಸ್261 ಅದರ ಮುಂದಿನದು, ಒಳಗಿನ ಮಷಿನ್ ಅದೇ 9ಎಫ್62. ಜನ ಹೆಸರಿಗಾಗಿ ಹೆಚ್ಚು ಕೊಡುತ್ತಾರೆ, ನೀವು ಕೊಡಬೇಕಿಲ್ಲ.

ನೋಡಬೇಕಾದ್ದು ಕೇಸಿನ ಕನ್ನಡಿ ಮೈ. ಜರಾತ್ಸು ಪಾಲಿಶ್ ಅನ್ನುತ್ತಾರೆ, ಸಮತಟ್ಟು ಮೈಯಲ್ಲಿ ಟ್ಯೂಬ್‌ಲೈಟಿನ ಬಿಂಬ ನೆಟ್ಟಗೆ ಕಾಣಬೇಕು. ಬಿಂಬ ಅಲೆಯಂತೆ ಬಾಗಿದರೆ ಯಾರೋ ಬಫಿಂಗ್ ಚಕ್ರಕ್ಕೆ ಕೊಟ್ಟಿದ್ದಾರೆ. ಅದನ್ನು ಮೊದಲಿನಂತೆ ಮಾಡುವುದು ಊರಿನ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಎರಡನೆಯದು, ಬ್ಯಾಟರಿ ಸತ್ತು ವರ್ಷಗಟ್ಟಲೆ ಒಳಗೇ ಕುಳಿತಿದ್ದ ವಾಚು ಬೇಡ. ಸೋರಿದ್ದರೆ ಸರ್ಕ್ಯೂಟ್ ಹೋಗಿರುತ್ತದೆ. "ಬ್ಯಾಟರಿ ಹಾಕಿದ್ರೆ ಓಡುತ್ತೆ ಸರ್" ಅನ್ನುವವರಿಗೆ, ಹಾಕಿ ಓಡಿಸಿ ತೋರಿಸಿ ಅನ್ನಿ.

ಹಾಸನದವ:
ಇಬ್ಬರಿಗೂ ಧನ್ಯವಾದ. ಮುಂಬೈಯವರು ಟೈಮ್‌ಗ್ರಾಫರ್ (ಟಿಕ್ ಟಿಕ್ ಕೇಳಿ ಮಷಿನ್ ಅಳೆಯುವ ಯಂತ್ರ) ಫೋಟೊ ಕಳಿಸಿದ್ದಾರೆ: ದಿನಕ್ಕೆ +6 ಸೆಕೆಂಡ್, ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) 265, ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರುವ ವ್ಯತ್ಯಾಸ) 0.4. ಲಿಫ್ಟ್ ಆಂಗಲ್ 52 ಅಂತಿದೆ. ಚೆನ್ನಾಗಿದೆ ತಾನೇ? ಇನ್ನೊಂದು, ಮನೆಯವರಿಗೆ ಚೌಕದ ವಾಚು ಇಷ್ಟ. 80ರ ದಶಕದ ಕಾರ್ಟಿಯೆ ಮಸ್ಟ್ ಟ್ಯಾಂಕ್ ತಗೊಂಡರೆ ಇಬ್ಬರೂ ಕಟ್ಟಬಹುದು ಅನ್ನುತ್ತಿದ್ದಾರೆ.

ಕೀಲಿಕೈ:
ಆ ಫೋಟೊದ 265 ನಿಜವಾದ 265 ಅಲ್ಲ. ಲಿಫ್ಟ್ ಆಂಗಲ್ ಅಂದರೆ ಪ್ರತಿ ಬೀಟಿನಲ್ಲಿ ಚಕ್ರ ತಳ್ಳಿಸಿಕೊಳ್ಳುವ ಕೋನ, ಮಷಿನ್ ನೋಡಿ ನಾವೇ ಹಾಕಬೇಕಾದದ್ದು; 52 ಯಂತ್ರದಲ್ಲಿ ಮೊದಲೇ ಇರುವ ಅಂಕಿ. ಒಮೆಗಾ 550, 560 ಸಾಲಿನ ಮಷಿನಿಗೆ 49 ಹಾಕಬೇಕು. ಕೋನ ಹೆಚ್ಚಿಟ್ಟರೆ ಆಂಪ್ಲಿಟ್ಯೂಡ್ ಹೆಚ್ಚು ತೋರಿಸುತ್ತದೆ. ಲೆಕ್ಕ ಹಾಕಿದರೆ ಇದು ಸುಮಾರು 250. ಹಳೆಯ ಮಷಿನಿಗೆ ಕೆಟ್ಟದ್ದೇನಲ್ಲ, ಆದರೆ ಅದು ಯಾವ ಸ್ಥಿತಿಯಲ್ಲಿ ಬಂದದ್ದು ಎಂಬುದು ಮುಖ್ಯ. ಕ್ರೌನಿನಿಂದ ಮೂವತ್ತು ಸುತ್ತಾದರೂ ಕೀ ಕೊಟ್ಟು, ಅರ್ಧ ಗಂಟೆ ಬಿಟ್ಟು, ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಕೆಳಗೆ ಹೀಗೆ ಮೂರು ಭಂಗಿಯಲ್ಲಿ ವಿಡಿಯೊ ಕೇಳಿ. ಮರುದಿನ ಅದೇ ಹೊತ್ತಿಗೆ ಕೀ ಕೊಡದೆ ಮತ್ತೊಮ್ಮೆ. ಮಲಗಿಸಿದಾಗ 250, ನಿಲ್ಲಿಸಿದಾಗ 200ಕ್ಕಿಂತ ಕೆಳಗೆ ಬಿದ್ದರೆ ಎಣ್ಣೆ ಒಣಗಿದೆ, ಪೂರ್ತಿ ಸರ್ವೀಸ್ ಖರ್ಚನ್ನು ಬೆಲೆಯಿಂದ ಇಳಿಸಿ. +6 ನೋಡಿ ಮರುಳಾಗಬೇಡಿ. ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿ ಒಂಚೂರು ಸರಿಸಿದರೆ ಕೊಳಕು ಮಷಿನ್ ಕೂಡ ಒಂದು ಭಂಗಿಯಲ್ಲಿ ಅಷ್ಟು ತೋರಿಸುತ್ತದೆ.

ಮಸ್ಟ್ ಟ್ಯಾಂಕ್ ಒಳ್ಳೆಯ ಯೋಚನೆ. 1977ರಿಂದ ಬಂದ ಈ ಸಾಲಿನ ಕೇಸ್ 925 ಬೆಳ್ಳಿ, ಮೇಲೆ 20 ಮೈಕ್ರಾನ್ ಚಿನ್ನದ ಲೇಪ. ಹಿಂಬದಿಯಲ್ಲಿ ಅದರ ಗುರುತು ಇರುತ್ತದೆ, ಮುಚ್ಚಳಕ್ಕೆ ಮೂಲೆಗೊಂದರಂತೆ ನಾಲ್ಕು ಸ್ಕ್ರೂ. ಇದನ್ನು ಯಾರಾದರೂ "ಗೋಲ್ಡ್ ಕಾರ್ಟಿಯೆ" ಎಂದು ಮಾರಿದರೆ ಅಲ್ಲೇ ಕೈಮುಗಿದು ಬನ್ನಿ. ಲೇಪ ಮೊದಲು ಸವೆಯುವುದು ಲಗ್ಗಿನ ಹೊರಮೂಲೆಗಳಲ್ಲಿ. ಒಳಗಿನ ಬೆಳ್ಳಿ ಗಾಳಿಗೆ ಕಪ್ಪಾಗುವುದರಿಂದ ಅಲ್ಲಿ ಬೂದು ಚುಕ್ಕೆ ಕಾಣುತ್ತದೆ. ಪಾಲಿಶ್ ಮಾಡಿಸಿದಷ್ಟೂ ಚಿನ್ನ ಹೋಗುತ್ತದೆ, ಹಾಗಾಗಿ ಗೀರಿರುವ ಕೇಸ್ ಹೊಳೆಯುವ ಕೇಸಿಗಿಂತ ಮೇಲು. ಒಂದೇ ಬಣ್ಣದ, ಅಂಕಿಗಳಿಲ್ಲದ ಡಯಲ್‌ಗಳು, ಅದರಲ್ಲೂ ವೈನ್ ಕೆಂಪಿನದು, ನೋಡಿದವರು ತಿರುಗಿ ನೋಡುವಂಥವು. ಆದರೆ ಲ್ಯಾಕರ್ (ಡಯಲ್ಲಿನ ಮೆರುಗು ಲೇಪ) ಬಿರುಕು ಬಿಟ್ಟಿದೆಯಾ ಅಂತ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ರೋಮನ್ ಅಂಕಿಯ ಡಯಲ್ಲಾದರೆ VII ಅಥವಾ X ಒಳಗಿನ ಒಂದು ಗೆರೆಯಲ್ಲಿ ಕಂಪನಿಯ ಹೆಸರು ಸೂಕ್ಷ್ಮವಾಗಿ ಅಡಗಿರುತ್ತದೆ, ಅದು ಮಸುಕಾಗಿದ್ದರೆ ನಕಲಿಯೋ ರೀಡಯಲ್ಲೋ. ಕೈ ತೊಳೆಯುವಾಗ ಬಿಚ್ಚಿಡುವ ಅಭ್ಯಾಸ ಇಲ್ಲದವರಿಗೆ ಈ ವಾಚು ಬೇಡ.

ಭೂತಗನ್ನಡಿ:
52ರ ವಿಷಯ ಕೀಲಿಕೈಯವರು ಸರಿಯಾಗಿ ಹಿಡಿದರು. ದಿನಾ ಕಟ್ಟಲು 9ಎಫ್ ಮೇಲು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಮದುವೆ ಮನೆಯಲ್ಲಿ ಪೈ-ಪ್ಯಾನ್ ಮುಂದೆ ಅದು ಸಪ್ಪೆ.

ದುಡ್ಡಿನ ವಿಷಯ ಬಾಕಿ ಇದೆ. ಹೊರದೇಶದ ವೆಬ್‌ಸೈಟಿನಲ್ಲಿ ಅಗ್ಗ ಕಂಡಿತೆಂದು ಪಾರ್ಸಲ್ ತರಿಸಬೇಡಿ. ಬಳಸಿದ ವಸ್ತುಗಳ ಆಮದು ನಮ್ಮಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳಬಹುದು. ಮೊಸಳೆ ಚರ್ಮದ ಪಟ್ಟಿ ಇದ್ದರೆ ಅದು ಬೇರೆಯೇ ರಗಳೆ. ಇಲ್ಲೇ ಕೊಳ್ಳಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಲು ಮಾರುವವರಿಗೆ ಕಾನೂನಿನ ಅವಕಾಶವಿಲ್ಲ. ಬಿಲ್ಲಿಲ್ಲದೆ ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀನಿ ಅಂದರೆ ಬೇಡ ಅನ್ನಿ. ಬ್ಯಾಂಕ್ ಮೂಲಕವೇ ಕೊಟ್ಟು, ಬಿಲ್ಲಿನಲ್ಲಿ ಕೇಸ್ ಸಂಖ್ಯೆ, ಮಷಿನಿನ ಸೀರಿಯಲ್, ಜೊತೆಗೆ "ಡಯಲ್ ಮೂಲದ್ದು, ಮರುಬಣ್ಣ ಆಗಿಲ್ಲ" ಎಂಬ ಸಾಲು ಬರೆಸಿಕೊಳ್ಳಿ. ಏಳು ದಿನದಲ್ಲಿ ಹಿಂದಿರುಗಿಸುವ ಮಾತನ್ನೂ ಅದರಲ್ಲೇ ಸೇರಿಸಿ. ಆ ಏಳು ದಿನದೊಳಗೆ ಮಾರಿದವರಿಗೆ ಸಂಬಂಧವಿಲ್ಲದ ರಿಪೇರಿಯವರ ಹತ್ತಿರ ಮುಚ್ಚಳ ಬಿಚ್ಚಿಸಿ ನೋಡಿಸಿ.

ಹಾಸನದವ:
ಡಯಲ್ಲಿನ ಸಾಲು ಬಿಲ್ಲಿನಲ್ಲಿ ಬರೆದುಕೊಡ್ತೀರಾ ಅಂತ ಕೇಳಿದೆ. "ಹಳೇ ಮಾಲು ಸರ್, ಗ್ಯಾರಂಟಿ ಯಾರು ಕೊಡ್ತಾರೆ" ಅಂದರು. ಬಿಟ್ಟೆ. ಕೇಸ್ ಸಂಖ್ಯೆ 168.017, ಸಿ ಕೇಸ್, 564 ಇರುವುದೊಂದು ಬೆಂಗಳೂರಿನಲ್ಲೇ ಇದೆಯಂತೆ, ಡಯಲ್ ಅಂಚಿನಲ್ಲಿ ಸ್ವಲ್ಪ ಕಂದು ತಿರುಗಿದೆ. ಗಾಜು ತೆಗೆಸಿದ ಫೋಟೊ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಭೂತಗನ್ನಡಿ:
ಕಂದು ಎರಡು ಥರ ಇರುತ್ತದೆ. ಅಂಚಿನಿಂದ ಒಳಕ್ಕೆ ಸಮನಾಗಿ ಹಬ್ಬಿದ್ದರೆ ವಯಸ್ಸಿನದು, ಪರವಾಗಿಲ್ಲ. 3ರ ಕಡೆ ಮಾತ್ರ ದಟ್ಟವಾಗಿದ್ದರೆ ಕ್ರೌನ್ ಮೂಲಕ ನೀರು ಹೋಗಿದೆ. ಹಾಗಿದ್ದರೆ ಫೋಟೊದ ಜೊತೆ ವೈಂಡಿಂಗ್ ಸ್ಟೆಮ್ (ಕ್ರೌನಿಗೆ ಜೋಡಿಸಿದ ಕಡ್ಡಿ) ಹೊರಗೆ ತೆಗೆದು ತೋರಿಸಲು ಹೇಳಿ, ತುಕ್ಕು ಇದ್ದರೆ ಅಲ್ಲೇ ಕಾಣುತ್ತದೆ.