ಸೀತೆಯ ಕಣ್ಣೀರು, ಶಂಕ್ರನ ಮಂಡಿ

"ಹೂ ಎಲ್ಲೋ? ಕಾಸು ಕೊಟ್ಟು ಕಾಸ್‌ಗೆ ಬಂದಿದ್ದೀವಿ!" ಶಂಕ್ರ ಶುರು ಮಾಡಿದ.

ಸೆಪ್ಟೆಂಬರ್ ತಿಂಗಳ ಮಂಜು. ಬೆಳಗಾವಿಯಿಂದ ನಸುಕಿನಲ್ಲೇ ಹೊರಟು, ಮಹಾರಾಷ್ಟ್ರದ ಸಾತಾರಾದಿಂದ ಇನ್ನೂ 25 ಕಿಲೋಮೀಟರ್ ಗುಡ್ಡ ಹತ್ತಿ, ಕಾಡುಹೂಗಳಿಗೆ ಹೆಸರಾದ ಕಾಸ್ ಪಠಾರಕ್ಕೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ ಬಂದಿದ್ದೆವು. ಶಂಕ್ರನ ತಲೆಯಲ್ಲಿದ್ದದ್ದು ಕುಂಡಗಳ ಸಾಲು, ತಟ್ಟೆಯಷ್ಟು ದೊಡ್ಡ ಡೇರೆ ಹೂ.

"ಸ್ವಲ್ಪ ಕಾಲೆತ್ತು," ಎಂದಳು ವಿಜಿ.

ಎತ್ತಿದ. ಹಾದಿಯ ಅಂಚಿನಲ್ಲಿ ಅಂಗಿ ಗುಂಡಿಗಿಂತ ಸಣ್ಣ ನೀಲಿ ಹೂ.

"ಇದಕ್ಕಾ 2012ರಲ್ಲಿ ವಿಶ್ವ ಪರಂಪರೆಯ ಪಟ್ಟ ಕಟ್ಟಿದ್ದು?"

"ನಮ್ಮ ಆಗುಂಬೆಯೂ ಅದೇ ಪಟ್ಟಿಯಲ್ಲಿದೆ. ಸುಮ್ನೆ ಬಗ್ಗಿ ನೋಡು."

ಬಗ್ಗುವುದು ಶಂಕ್ರನಿಗೆ ಸಣ್ಣ ಕೆಲಸವಲ್ಲ. ಮೊದಲು ಒಂದು ಮಂಡಿ, ಆಮೇಲೆ "ಅಯ್ಯಪ್ಪಾ", ಆಮೇಲೆ ಇನ್ನೊಂದು ಮಂಡಿ.

"ಮರಾಠಿಯಲ್ಲಿ ಇದಕ್ಕೆ ಸೀತೆಯ ಕಣ್ಣೀರು ಅಂತಾರೆ."

ಶಂಕ್ರ ಭಕ್ತಿಯಿಂದ ಕೈ ಎತ್ತಿದ.

"ಹುಳ ತಿನ್ನುತ್ತೆ," ಎಂದಳು ವಿಜಿ.

ಕೈ ಅರ್ಧದಲ್ಲೇ ನಿಂತಿತು. "ಯಾರು, ಸೀತಮ್ಮನಾ?"

"ಗಿಡ ಮಾರಾಯ! ಒದ್ದೆ ಮಣ್ಣೊಳಗೆ ಪುಟಾಣಿ ಚೀಲ ಇಟ್ಟುಕೊಂಡಿರುತ್ತೆ. ಹುಳ ತಾಕಿದರೆ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತೆ."

"ಹೆಸರು ಸೀತೆಯದು, ಕೆಲಸ ಶೂರ್ಪನಖಿಯದು!"

"ಪಾಪ, ಏನು ಮಾಡಬೇಕು ಹೇಳು? ಕೆಳಗೆಲ್ಲ ಜಂಬಿಟ್ಟಿಗೆ ಕಲ್ಲು, ಮೇಲೆ ತೆಳ್ಳಗೆ ಮಣ್ಣು. ದೊಡ್ಡ ಮರಕ್ಕೆ ಬೇರಿಳಿಸೋಕೆ ಜಾಗ ಇಲ್ಲ, ಇದ್ದ ಮಣ್ಣಲ್ಲಿ ಸಾರಜನಕ ಇಲ್ಲ. ಸಸ್ಯಾಹಾರ ಅಂತ ಹಟ ಹಿಡಿದರೆ ಉಪವಾಸವೇ ಗತಿ."

ಫೋಟೋಗಳಲ್ಲಿ ಇಡೀ ಬಯಲಿಗೆ ಜಮಖಾನೆ ಹಾಸಿದ ಹಾಗೆ ಕಾಣುತ್ತದೆ. ನನಗೇನೋ ಈ ಬಗ್ಗಿ ನೋಡುವುದೇ ಜಾಸ್ತಿ ಹಿಡಿಸಿತು. ಮಂಡಿ ನನ್ನದಲ್ಲವಲ್ಲ.

"ಆ ಪೊದೆಯಲ್ಲಿ ಹೂವೇ ಇಲ್ಲ," ಶಂಕ್ರ ಕುಳಿತಲ್ಲಿಂದಲೇ ತಕರಾರು ತೆಗೆದ.

"ಟೋಪ್ಲಿ ಕಾರ್ವಿ. ಏಳೆಂಟು ವರ್ಷಕ್ಕೊಮ್ಮೆ ಬಿಡುತ್ತೆ."

"ನಮ್ಮನೆಗೆ ಸುಣ್ಣ ಬಳಿದ ಹಾಗೆ."

ಅಷ್ಟರಲ್ಲಿ ಅವನ ಕಣ್ಣು ಗುಲಾಬಿ ಬಣ್ಣದ ಗೌರಿ ಹೂವಿನ ಮೇಲೆ ಬಿತ್ತು. ಜೇಬಿನಿಂದ ಪ್ಲಾಸ್ಟಿಕ್ ಚೀಲ ಹೊರಬಂತು. "ಹೆಂಡತಿ ಪೂಜೆಗೆ ಒಂದು ಹಿಡಿ ಹೂ ತಾ ಅಂದಿದ್ದಾಳೆ..."

ಹಿಂದೆ ಕಾವಲುಗಾರ ಕೆಮ್ಮಿದ. ಚೀಲ ತಟ್ಟನೆ ಮಂಡಿಯ ಅಡಿಗೆ ಹೋಯಿತು.

"ನೆಲ ಒದ್ದೆ ಅಲ್ವಾ? ಅದಕ್ಕೇ ತಂದದ್ದು!"

ಹತ್ತು ನಿಮಿಷವಾದರೂ ಅವನು ಏಳಲಿಲ್ಲ. ತಲೆ ಹೂವಿನ ಹತ್ತಿರ. ವಿಜಿಗೆ ಖುಷಿಯೋ ಖುಷಿ. "ಅಷ್ಟು ಚೆನ್ನಾಗಿದೆಯಾ?"

"ಹೂ ಇರಲಿ, ಮೊದಲು ಕೈ ಕೊಡ್ರೋ. ಮಂಡಿ ಹಿಡಿದುಕೊಂಡಿದೆ."